ಸ್ಟೆಪ್ನಿಯ ಹೊಟ್ಟೆಯುರಿ

ನಾನು ಒಂದು ಟೈರು. ರಬ್ಬರ್ ಮರದ ಹಾಲಿನಿಂದ ಹುಟ್ಟಿ, ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಬೆಂದು ಹೊರಬಂದವನು. ಒಂದೇ ಅಚ್ಚಿನಲ್ಲಿ ಹುಟ್ಟಿದ ಐವರು ನಾವು. ಐವರನ್ನೂ ಒಟ್ಟಿಗೇ ಒಂದು ಬಿಳಿ ಜೀಪಿಗೆ ತಂದರು. ನಾಲ್ವರು ನೆಲಕ್ಕಿಳಿದರು. ನನ್ನನ್ನು ಮಾತ್ರ ಹಿಂಬಾಗಿಲಿಗೆ ನೇತುಹಾಕಿ 'ಇದು ಸ್ಟೆಪ್ನಿ' ಎಂದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆವತ್ತು ಹೊತ್ತಿದ ಹೊಟ್ಟೆಯುರಿ ಇಂದಿಗೂ ಆರಿಲ್ಲ. ಅದನ್ನು ಮುಚ್ಚಿಟ್ಟು ಸಾಧು ಅನ್ನಿಸಿಕೊಳ್ಳುವ ಆಸೆಯೂ ನನಗಿಲ್ಲ.

ನಮ್ಮ ಯಜಮಾನ ಗದಗಿನ ಫಕ್ಕೀರಪ್ಪ. ಬೀಗ, ಚಿಲಕ, ಮೊಳೆ ಮಾರುವ ಅಂಗಡಿ ಅವನದು. ಪೇಟೆಯಲ್ಲಿ ಸ್ಟೆಪ್ನಿ ಕಳ್ಳರ ಕಾಟವೆಂದು ನನಗೆ ಸರಪಳಿ ಸುತ್ತಿ, ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗವನ್ನೇ ತಂದು ಜಡಿದ. "ಈ ಕೀಲಿ ಒಡಿಯೋ ಮಗ ಇನ್ನೂ ಹುಟ್ಟಿಲ್ಲ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಆಯುಧ ಪೂಜೆಯ ದಿನ ನೆಲದ ಮೇಲಿನ ನಾಲ್ವರಿಗೆ ಒಂದೊಂದು ನಿಂಬೆಹಣ್ಣು. ಅವರು ಅದನ್ನು ಹಿಚುಕಿ ಮುಂದೆ ಸಾಗುವಾಗ ನನಗೆ ಸಿಕ್ಕಿದ್ದು ಒಂದು ಬೊಟ್ಟು ಕುಂಕುಮ. ನನ್ನ ಬೀಗದ ಕೀಲಿಕೈಯನ್ನು ಮಾತ್ರ ತಕ್ಕಡಿ, ಸುತ್ತಿಗೆಗಳ ಜೊತೆ ದೇವರ ಮುಂದಿಟ್ಟು ಪೂಜಿಸಿದರು.

ಫಕ್ಕೀರಪ್ಪನಿಗೂ ಒಂದು ಹೊಟ್ಟೆಯುರಿ ಇತ್ತು. ಅದರ ಹೆಸರು ಚನ್ನವೀರಪ್ಪ, ಅವನ ಷಡ್ಡಕ, ಅಂದರೆ ಹೆಂಡತಿ ಕಸ್ತೂರಿಯ ಅಕ್ಕನ ಗಂಡ. ಆ ಚನ್ನವೀರಪ್ಪ ಒಂದು ಬೇಸಿಗೆಯಲ್ಲಿ ಕಾರು ಹೊಡೆದುಕೊಂಡು ಹಿಮಾಲಯದ ಸ್ಪಿತಿ ಕಣಿವೆಗೆ, ಕಾಜಾ ಎಂಬ ಊರಿನವರೆಗೂ ಹೋಗಿಬಂದ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವರಿಗೆಲ್ಲ ಅಲ್ಲಿನ ಫೋಟೊ ತೋರಿಸಿದ. ಫಕ್ಕೀರಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಮರಳುವಾಗ ಜೀಪಿನಲ್ಲಿ ಹೆಂಡತಿಗೆ ಹೇಳಿದ:

"ಬ್ಯಾಸಗಿ ಒಳಗ ಯಾರ್ ಬೇಕಾದ್ರೂ ಹೋಗ್ತಾರ. ನಾವು ಥಂಡಿ ಒಳಗ ಹೋಗೂಣು. ಕಾಜಾ ಅಲ್ಲ, ಅದರ ಮ್ಯಾಲ ಕಿಬ್ಬರ್ ಅಂತ ಐತಿ, ಅಲ್ಲೀತನಕ."

"ಅಲ್ಲೇನ್ ಐತ್ರಿ?" ಎಂದಳು ಕಸ್ತೂರಿ.

"ಚನ್ನವೀರಪ್ಪ ಅಲ್ಲಿಗೆ ಹೋಗಿಲ್ಲ."

ಅಂದು ಮೊದಲ ಸಲ ಯಜಮಾನನ ಮೇಲೆ ನನಗೆ ಪ್ರೀತಿ ಉಕ್ಕಿತು. ಇವನೂ ನಮ್ಮ ಪೈಕಿಯೇ.

ಸಂಕ್ರಾಂತಿ ಮುಗಿಸಿ ಹೊರಟೆವು. ಗಂಡ ಹೆಂಡತಿ ಇಬ್ಬರೇ, ಜೊತೆಗೆ ಒಂದು ಚೀಲ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಹಿಂಬಾಗಿಲಿನಲ್ಲಿದ್ದ ನನ್ನ ಮುಖ ದಕ್ಷಿಣಕ್ಕಿತ್ತು, ಕಿವಿ ಮಾತ್ರ ಕೆಳಗಿನ ನಾಲ್ವರ ಕಡೆಗೆ. ಸೊಲ್ಲಾಪುರ ದಾಟಿದಾಗ "ಇಲ್ಲಿನ ಡಾಂಬರು ಬೆಣ್ಣೆ ಕಣೋ" ಎಂದರು. ರಾಜಸ್ಥಾನದಲ್ಲಿ ಮರಳು ಮೆತ್ತಗಿದೆಯೆಂದರು. ಶಿಮ್ಲಾದಿಂದಾಚೆ ಹಿಂದಿನ ಇಬ್ಬರಿಗೆ ಹಿಮದಲ್ಲಿ ಜಾರದ ಹಾಗೆ ಸರಪಳಿ ಕಟ್ಟಿದರು, ಅವರು ಗೆಜ್ಜೆ ಕಟ್ಟಿದ ಮದುಮಕ್ಕಳಂತೆ ಮೆರೆದರು. ಎಲ್ಲರಿಗಿಂತ ಹೆಚ್ಚು ಜಂಬ ಕೊಚ್ಚುತ್ತಿದ್ದವನು ಎಡಮುಂದಿನವನು. "ಹಿಮ ತುಳಿದರೆ ಹೊಸ ಅಕ್ಕಿಹಿಟ್ಟು ತುಳಿದ ಹಾಗೆ. ಪಾಪ, ನಿನಗೆಲ್ಲಿ ಗೊತ್ತಾಗಬೇಕು" ಎಂದ. ಇವನಿಗೊಂದು ಮೊಳೆ ಚುಚ್ಚಲಿ ದೇವರೇ ಎಂದು ಊರೂರಲ್ಲೂ ಹರಕೆ ಹೊತ್ತೆ. ಒಮ್ಮೆಯಾದರೂ ನೆಲ ಮುಟ್ಟಬೇಕು, ಅಷ್ಟೇ ನನ್ನ ಆಸೆ.

ಹರಕೆ ಫಲಿಸಿತು. ಕಾಜಾ ಇನ್ನೇನು ಸಮೀಪಿಸಿತು ಅನ್ನುವಾಗ ಚೂಪುಗಲ್ಲೊಂದು ಎಡಮುಂದಿನವನ ಹೊಟ್ಟೆ ಸೀಳಿತು. ಅವನ ಉಸಿರು ಹೋದ ಸದ್ದು ನನಗೆ ಮಂಗಳವಾದ್ಯದಂತೆ ಕೇಳಿತು. ಫಕ್ಕೀರಪ್ಪ ಜಾಕ್ ಕೊಟ್ಟು ಜೀಪನ್ನು ಎತ್ತಿದ. ನನ್ನ ಬಳಿ ಬಂದ. ಜೇಬು ತಡಕಿದ. ಮತ್ತೆ ತಡಕಿದ.

"ಕೀಲಿಕೈ ಎಲ್ಲೈತಿ?"

"ಆಯುಧ ಪೂಜಿ ದಿನ ದೇವರ ಮುಂದ ಇಟ್ಟಿದ್ರಲ್ಲಾ. ತಿರುಗಿ ತಗೊಂಡ್ರೇನು?" ಎಂದಳು ಕಸ್ತೂರಿ.

ಕೀಲಿಕೈ ಗದಗಿನ ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿಕೊಂಡು ತಣ್ಣಗೆ ಕೂತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫಕ್ಕೀರಪ್ಪ ಗಾಲಿ ಬಿಚ್ಚುವ ಪಾನಾದಿಂದ ಹೊಡೆದ, ಕಲ್ಲಿನಿಂದ ಜಜ್ಜಿದ. ಬೀಗ ಮಿಸುಕಲಿಲ್ಲ. ಒಡೆಯುವ ಮಗ ಹುಟ್ಟಿಲ್ಲವೆಂದು ಅವನು ಹೇಳುತ್ತಿದ್ದುದು ಅಂಗಡಿಯ ಮಾತಾಗಿರದೆ ಸತ್ಯವಾಗಿತ್ತು. ಬಿಸಿಲು ಗುಡ್ಡ ಏರುತ್ತ ಹೋಯಿತು. ನೆರಳು ಬಿದ್ದಲ್ಲಿ ಬಾಟಲಿಯ ನೀರು ಗಟ್ಟಿಯಾಗತೊಡಗಿತು.

"ಚನ್ನವೀರಪ್ಪ ಭಾವಾರಿಗೆ ಫೋನ್ ಹಚ್ರಿ. ಕಾಜಾದಾಗ ಯಾರದೋ ಮನ್ಯಾಗ ಉಳದಿದ್ರಂತ, ಅವರ್ನ ಕಳಸ್ತಾರ."

"ಇಲ್ಲೇ ಸತ್ತೇನು, ಅವಗ ಹಚ್ಚಂಗಿಲ್ಲ."

"ನೀವು ಸಾಯ್ರಿ, ನಾ ಯಾಕ ಸಾಯ್ಲಿ?" ಎಂದು ಕಸ್ತೂರಿ ತಾನೇ ಅಕ್ಕನಿಗೆ ಫೋನು ಹಚ್ಚಿದಳು.

ಸ್ವಲ್ಪ ಹೊತ್ತಿನಲ್ಲೇ ಚನ್ನವೀರಪ್ಪನ ಪರಿಚಯದ ಛೇರಿಂಗ್ ಎಂಬವನು ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಬಂದ. ಬೀಗವನ್ನು ಬಿಟ್ಟು ಅದರ ಸರಪಳಿಯನ್ನು ಕೊಯ್ದ. ನಾನು ನೆಲಕ್ಕಿಳಿದೆ. ಎಡಮುಂದಿನವನು ನನ್ನ ಜಾಗಕ್ಕೇರಿದ.

ಕಾಜಾ ಸೇರುವವರೆಗೆ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಮರುದಿನ ಕಿಬ್ಬರಿನ ಏರು ಶುರುವಾದಾಗ ತಿಳಿಯಿತು, ದೂರದ ಬೆಟ್ಟ ನುಣ್ಣಗೆ. ಹಿಮ ಅಕ್ಕಿಹಿಟ್ಟೂ ಅಲ್ಲ, ಮಣ್ಣೂ ಅಲ್ಲ. ಮೈ ಕೊರೆಯುವ ಗಾಜಿನ ಪುಡಿ. ಜೀಪಿನ ಭಾರವೆಲ್ಲ ಎದೆಯ ಮೇಲೆ. ನನಗೆ ಕಾಣುತ್ತಿದ್ದುದು ಗೇಣುದ್ದ ದಾರಿ, ಆಮೇಲೆ ಇನ್ನೊಂದು ಗೇಣು. ಆಗ ಹಿಂಬಾಗಿಲಿನಿಂದ ಎಡಮುಂದಿನವನ ದನಿ ಬಂತು.

"ಅಯ್ಯೋ, ಅದು ನೋಡು."

ನೋಡುವುದು ಹೇಗೆ? ನಾವು ದಾಟಿಹೋದ ಮೇಲೆ ಬೂದಿ ಬಣ್ಣದ ಹಿಮಚಿರತೆಯೊಂದು ಬಂಡೆಯಿಂದಿಳಿದು, ಮೈಯಷ್ಟೇ ಉದ್ದದ ಬಾಲ ಎಳೆದುಕೊಂಡು ನಮ್ಮ ಗಾಲಿಗುರುತು ಮೂಸಿ, ದಾರಿ ದಾಟಿತಂತೆ. ಜೀಪಿನೊಳಗಿನವರಿಗೂ ಕಾಣಲಿಲ್ಲ. ಹರಿದ ಹೊಟ್ಟೆಯ ಅವನಿಗೊಬ್ಬನಿಗೇ ಕಂಡಿತು.

ಕಿಬ್ಬರಿನ ಫಲಕದ ಮುಂದೆ ನಿಂತು ಫಕ್ಕೀರಪ್ಪ ಫೋಟೊ ತೆಗೆಸಿಕೊಂಡು ಷಡ್ಡಕನಿಗೆ ಕಳಿಸಿದ. ಅವನು ಉರಿದುಕೊಳ್ಳಲಿ ಎಂದು ಕಾದ. ಅತ್ತ ಕಡೆಯಿಂದ ಫೋನೇ ಬಂತು. "ಭಾಳ ಛಲೋ ಆತು. ನಮಗ ಥಂಡಿ ಒಳಗ ಹೋಗೋ ಧೈರ್ಯ ಇರಲಿಲ್ಲ. ದಾರಿ ಹೆಂಗಿತ್ರಿ, ಹೇಳ್ರಿ" ಎಂದ ಚನ್ನವೀರಪ್ಪ. ಫಕ್ಕೀರಪ್ಪ ಎಷ್ಟು ಕಿಲೋಮೀಟರ್ ಅನ್ನುವುದನ್ನಷ್ಟೇ ಹೇಳಿ, ಹೆಂಡತಿಯ ಮುಖ ನೋಡಿದ.

"ನೀವು ಬರೇ ಕಿಲೋಮೀಟರ್ ಕಲ್ಲು ನೋಡ್ಕೋತ ಬಂದ್ರಿ. ಗುಡ್ಡ, ಹೊಳಿ ನೋಡಿದಾಕಿ ನಾನು. ಕೊಡ್ರಿ ಇಲ್ಲಿ" ಎಂದು ಅವಳು ಫೋನು ಕಸಿದುಕೊಂಡಳು. ಅವಳ ಮಾತು ಮುಗಿಯುವವರೆಗೂ ಫಕ್ಕೀರಪ್ಪ ಪಕ್ಕದಲ್ಲಿ ನಿಂತು ಕಿವಿಗೊಟ್ಟು ಕೇಳಿದ.

ಆಮೇಲೆ ಜೀಪು ಮುಂಡರಗಿಯ ತರಕಾರಿ ವ್ಯಾಪಾರಿಗೆ ಮಾರಾಟವಾಯಿತು. ನಾನು ಸವೆದು ಬೋಳಾದೆ. ಈಗ ಒಂದು ಮಿರ್ಚಿ ಅಂಗಡಿಯ ತಗಡಿನ ಮಾಡು ಗಾಳಿಗೆ ಹಾರದಂತೆ ಅದರ ಮೇಲೆ ಬಿದ್ದುಕೊಂಡಿದ್ದೇನೆ. ನನ್ನ ಮಗ್ಗುಲಲ್ಲೇ ಎಡಮುಂದಿನವನು. ಬಿಸಿಲಿಗೆ ತಗಡು ಕಾದಾಗ ಅವನು ಆ ಚಿರತೆಯ ಕತೆ ತೆಗೆಯುತ್ತಾನೆ. ಸಾವಿರಾರು ಮೈಲಿ ಅದೇ ಹಿಂಬಾಗಿಲಿನಲ್ಲಿ ಕಣ್ಣು ಬಿಟ್ಟುಕೊಂಡೇ ನೇತಾಡಿದವನು ನಾನು, ಹೇಳಲು ನನ್ನಲ್ಲಿ ಒಂದು ಗುಬ್ಬಚ್ಚಿಯ ಕತೆಯೂ ಇಲ್ಲ. ಅವನ ಮಾತು ಕೇಳುತ್ತ ಹೊಟ್ಟೆ ಧಗಧಗ ಉರಿಯುತ್ತದೆ. ಮುಗಿಸಿದ ಕೂಡಲೇ, "ಬಾಲ ಎಷ್ಟು ಉದ್ದ ಇತ್ತು ಅಂದೆ? ಇನ್ನೊಂದು ಸಲ ಹೇಳು" ಅನ್ನುತ್ತೇನೆ.