ಓಡುವ ಗಾಡಿಯನ್ನು ಮುಟ್ಟದವರು

ಓಡುತ್ತಿರುವ ಗಾಡಿಯನ್ನು ಅವರು ಮುಟ್ಟುತ್ತಿರಲಿಲ್ಲ. ಮೂವತ್ತು ವರ್ಷ ಗ್ಯಾರೇಜು ನಡೆಸಿದ ಮನುಷ್ಯನ ಬಗ್ಗೆ ಹೀಗೆಂದರೆ ಕೇಳಿದವರು ನಗುತ್ತಾರೆ. ಆದರೆ ಗಾಡಿ ಕೆಟ್ಟು ನಿಂತದ್ದನ್ನು ಕಣ್ಣಾರೆ ಕಾಣುವವರೆಗೆ ಬಾನೆಟ್ಟು ಎತ್ತಬಾರದೆಂಬುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ವ್ರತ. ಆಗಾಗ ಸ್ಟಾರ್ಟ್ ಆಗುವುದಿಲ್ಲವೆಂದು ದೂರು ತಂದವರು, ಅವರೆದುರು ಕೀಲಿ ತಿರುಗಿಸಿದೊಡನೆ ಹೊರಟುಬಿಡುವ ಗಾಡಿಯಲ್ಲಿ ಕುಳಿತು ಪೆಚ್ಚಾದಾಗ, "ಈಗ ಚೆನ್ನಾಗಿದೆಯಲ್ಲ, ಕೆಟ್ಟಾಗ ಬನ್ನಿ" ಎಂದು ಕಳಿಸುತ್ತಿದ್ದರು. "ಕೆಟ್ಟಾಗ ಬರೋದು ಹೇಗ್ರೀ, ಗಾಡಿ ಓಡಬೇಕಲ್ಲ!" ಎಂದು ಒಬ್ಬ ಬೇಕರಿಯವನು ಹರಿಹಾಯ್ದಿದ್ದ. "ಹಾಗಾದ್ರೆ ಕರೀರಿ, ನಾನೇ ಬರ್ತೀನಿ" ಎಂದರು ಇವರು, ತಮಾಷೆಯ ಲವಲೇಶವೂ ಇಲ್ಲದೆ.

ಉದ್ದನೆಯ, ಒಣಕಲು ದೇಹ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗಾಲನ್ನು ತುಸು ತಡವಾಗಿ ಎತ್ತಿಡುತ್ತಾ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಮೇಲೆಯೇ ಮಾತು. ಚಳಿಗಾಲ ಬೇಸಿಗೆ ಎನ್ನದೆ ತೊಡುತ್ತಿದ್ದ ಕಂದು ಬಣ್ಣದ ಕೋಟಿನ ಎರಡೂ ಜೇಬುಗಳ ಬಾಯನ್ನು ಕಪ್ಪು ದಾರದಲ್ಲಿ ಹೊಲಿಸಿಬಿಟ್ಟಿದ್ದರು. ಏಕೆಂದು ಕೇಳಿದ್ದಕ್ಕೆ, "ಜೇಬಿದ್ರೆ ಸ್ಪ್ಯಾನರ್ ಬರುತ್ತೆ, ಸ್ಪ್ಯಾನರ್ ಇದ್ರೆ ಕೈ ಸುಮ್ಮನಿರಲ್ಲ" ಎಂದಿದ್ದರು. ಎದುರಿನವರು ಒಂದು ವಾಕ್ಯ ಮುಗಿಸಿದರೆ ಸಾಕು, "ಆಮೇಲೆ?" ಎನ್ನುವುದು ಅವರ ರೂಢಿ, ಹಾಗಾಗಿ ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ಅವರು ಆಮೇಲಪ್ಪ. ಅವರ ಹೆಂಡತಿಯ ಗೋಳು ಬೇರೆ: "ತಲೆನೋವು ಅಂದ್ರೆ ಯಾವಾಗ, ಎಷ್ಟು ಹೊತ್ತು, ಎಡಕ್ಕಾ ಬಲಕ್ಕಾ ಅಂತ ಎಲ್ಲಾ ಕೇಳ್ತಾರೆ. ಮಾತ್ರೆ ಮಾತ್ರ ನಾನೇ ತಂದ್ಕೋಬೇಕು."

ನನಗೆ ಅವರ ಪರಿಚಯವಾದದ್ದು ನನ್ನ ಅಕ್ಕನ ದೆಸೆಯಿಂದ. ಅಕ್ಕ ಆಸ್ಪತ್ರೆಯೊಂದರ ದಾದಿ. ಹಾಸಿಗೆ ಹಿಡಿದವರ, ನಡೆಯಲಾರದವರ ಮನೆಗಳಿಗೆ ತನ್ನ ಹಳೆಯ ಕಾರಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ, ಸೂಜಿಮದ್ದು ಕೊಟ್ಟು ಬರುವುದು ಅವಳ ಕೆಲಸ. ಆ ಕಾರು ಕೆಲವು ದಿನ, ಸೆಲ್ಫ್ ಹೊಡೆದರೆ ಇಂಜಿನ್ನು ಗರಗರ ತಿರುಗಿಯೂ ಸ್ಟಾರ್ಟ್ ಆಗುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಒಂದು ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು, ಇನ್ನೊಂದರವರು ಪ್ಲಗ್ಗು, ಪೆಟ್ರೋಲ್ ಪಂಪು ಬದಲಿಸಿದರು. ರೋಗ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಇಷ್ಟೇ ಆಗಿದ್ದರೆ ಅದು ಕಾರಿನ ಕಥೆ. ಆದರೆ ಕಾರು ಕೆಡುತ್ತಿದ್ದದ್ದು ಒಂದೇ ಮನೆಯ ಮುಂದೆ. ಅಲ್ಲಿ ಕಾಲಿನ ಹುಣ್ಣು ಮಾಯದ, ಒಂಟಿಯಾಗಿರುವ ದರ್ಜಿಯೊಬ್ಬ ಇದ್ದ. ಮುಂದಿನ ಮನೆಗಳ ರೋಗಿಗಳು ಕಾದು ಕಾದು ದೂರು ಕೊಟ್ಟರು. "ದಿನಾ ಅದೇ ಬಾಗಿಲಲ್ಲಿ ಕೆಡೋ ಗಾಡಿ ನಾನೆಲ್ಲೂ ಕಂಡಿಲ್ಲಮ್ಮ" ಎಂದರು ಅವಳ ಮೇಲಧಿಕಾರಿ, ನಾಲ್ಕು ಜನರ ಮುಂದೆ. ಇನ್ನೊಂದು ಸಲ ತಡವಾದರೆ ಕೆಲಸದಿಂದ ತೆಗೆಯುವುದಾಗಿ ಪತ್ರವನ್ನೂ ಕೊಟ್ಟರು. ಭಾವ ಪತ್ರವನ್ನು ಎರಡು ಸಲ ಓದಿ ಮಡಿಸಿಟ್ಟರು. ನಾನು ಅಕ್ಕನ ಪರವಾಗಿ ಮಾತಾಡಿದೆ, ನಿಜ. ಆದರೆ ಕಾರು ಕೆಡುವುದು ಬರೀ ನೆಪವೇನೋ ಎಂಬ ಅನುಮಾನ ಮನಸ್ಸಿನ ಮೂಲೆಯಲ್ಲಿ ನನಗೂ ಇತ್ತು. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ತಮ್ಮ ಗ್ಯಾರೇಜಿಗೆ ಬಂದ ಅಕ್ಕನ ಮಾತನ್ನು ಆಮೇಲಪ್ಪನವರು ಮುಕ್ಕಾಲು ಗಂಟೆ ಕೇಳಿದರು. ದರ್ಜಿಯ ಮನೆಯ ಸಂಗತಿ ಬಂದಾಗ ಅವಳ ದನಿ ತಗ್ಗಿತು, ಅವರ "ಆಮೇಲೆ?" ಮಾತ್ರ ಪ್ಲಗ್ಗಿನ ಸಂಗತಿಗೆ ಬಂದಷ್ಟೇ ನಿರ್ವಿಕಾರವಾಗಿ ಬಂತು. ಕೊನೆಗೆ, "ನಾಳೆ ನಿಮ್ಮ ಜೊತೆ ಬರ್ತೀನಿ" ಎಂದರು.

ಮರುದಿನ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಮೊದಲ ಮನೆಯಲ್ಲಿ ಸೂಜಿಮದ್ದು, ಆರು ನಿಮಿಷ, ಕಾರು ಹೊರಟಿತು. ಎರಡನೆಯದರಲ್ಲಿ ಮುದುಕಿಗೆ ಮೈ ಒರೆಸಿ ಹಾಸಿಗೆ ಬದಲಿಸುವಷ್ಟರಲ್ಲಿ ಒಂದು ಗಂಟೆ, ಆಗಲೂ ಹೊರಟಿತು. ಅವರು ಕೈಗಡಿಯಾರ ನೋಡುತ್ತಾ ಕುಳಿತಿದ್ದರು. ಮೂರನೆಯದು ದರ್ಜಿಯ ಮನೆ. ಅಕ್ಕ ಬೇಗನೆ ಬಂದು, ಗಾಡಿ ಕೆಟ್ಟಿರಲಿ ಎಂದು ಆಯುಷ್ಯದಲ್ಲಿ ಮೊದಲ ಸಲ ಹಾರೈಸುತ್ತಾ ಕೀಲಿ ತಿರುಗಿಸಿದಳು. ಅದು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅಕ್ಕನ ಮುಖ ಕಪ್ಪಿಟ್ಟಿತು. ನಾನು ಕಿಟಕಿಯಾಚೆ ನೋಡಿದೆ.

"ಇವತ್ತು ಒಂಬತ್ತು ನಿಮಿಷ ಆಯ್ತು," ಎಂದರು ಅವರು. "ದಿನಾ ಎಷ್ಟಾಗುತ್ತೆ?"

"ಇಪ್ಪತ್ತಾದ್ರೂ ಆಗುತ್ತೆ. ಅವರು ಮಾತಾಡ್ತಾರೆ... ಬೇರೆ ಯಾರೂ ಇಲ್ಲ ಅವರಿಗೆ. ಇವತ್ತು ನೀವಿದ್ದೀರಿ ಅಂತ ನಾನೇ ಅವಸರ ಮಾಡಿದೆ."

"ಆಫ್ ಮಾಡಿ. ಒಳಗೆ ಹೋಗಿ ಮಾತಾಡಿ ಬನ್ನಿ."

ಅಕ್ಕ ಮತ್ತೆ ಒಳಗೆ ಹೋದಳು. ಇಪ್ಪತ್ತು ನಿಮಿಷಕ್ಕೆ ಬಂದು ಕುಳಿತು ಸೆಲ್ಫ್ ಹೊಡೆದಳು. ಇಂಜಿನ್ನು ತಿರುಗಿತು, ತಿರುಗುತ್ತಲೇ ಇತ್ತು, ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ ಹೊಡೆದಳು; ಇಲ್ಲ. ಅಕ್ಕ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ನೋಡಿದ್ರಾ? ನೋಡಿದ್ರಲ್ಲಾ?" ಎಂದು ಕೇಳುತ್ತಲೇ ಇದ್ದಳು. "ನೋಡಿದೆನಮ್ಮ" ಎಂದರು ಅವರು.

ಉಳಿದದ್ದು ಹತ್ತು ನಿಮಿಷದ ಕೆಲಸ. ಬಾನೆಟ್ಟು ಎತ್ತಿದರು, ಪ್ಲಗ್ಗಿಗೆ ಕಿಡಿ ಬರುತ್ತಿಲ್ಲವೆಂದು ನೋಡಿಕೊಂಡರು, ಇಂಜಿನ್ನಿನ ಬುಡದಲ್ಲಿ ಕೈಹೆಬ್ಬೆರಳಿನ ಗಾತ್ರದ ಒಂದು ಸೆನ್ಸರಿನ ಮೇಲೆ ಅಕ್ಕನ ಬಾಟಲಿಯ ತಣ್ಣೀರು ಸುರಿದರು, ಕಾರು ಹೊರಟಿತು. ಇಂಜಿನ್ನು ತಿರುಗುತ್ತಿದೆಯೆಂದು ಸುದ್ದಿ ಕೊಡುವ ವಸ್ತು ಅದು. ಬಿಸಿ ಹೆಚ್ಚಾದರೆ ಮೂಕವಾಗುತ್ತಿತ್ತು, ಆಗ ಕಿಡಿ ಹಾರುತ್ತಿರಲಿಲ್ಲ. ಓಡಿ ಬಂದು ನಿಂತ ಇಂಜಿನ್ನಿನಲ್ಲಿ ಗಾಳಿಯಾಡದೆ ಇಪ್ಪತ್ತು ನಿಮಿಷ ಬಿಸಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಆರು ನಿಮಿಷದ ಮನೆಯಲ್ಲೂ ಒಂದು ಗಂಟೆಯ ಮನೆಯಲ್ಲೂ ಕಾಣದ ರೋಗ, ಒಬ್ಬಂಟಿ ದರ್ಜಿಯ ನಾಲ್ಕು ಮಾತು ಕೇಳುವಷ್ಟು ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿತ್ತು.

ಮೇಲಧಿಕಾರಿಗೆ ತೋರಿಸಲು ಅಕ್ಕ ಒಂದು ಚೀಟಿ ಕೇಳಿದಳು. ಸೆನ್ಸರು, ಶಾಖ ಎಂದೆಲ್ಲ ಬರೆಯುತ್ತಾರೆಂದು ನಾನೆಣಿಸಿದ್ದೆ. ಅವರು ಬರೆಯುವಾಗ ಹೆಗಲ ಮೇಲಿಂದ ಇಣುಕಿ ನಾನು ಕಂಡದ್ದು ಇಷ್ಟೇ: "ಗಾಡಿ ಕೆಟ್ಟಿತ್ತು. ಇವರು ಹೇಳಿದ ಜಾಗದಲ್ಲೇ ಕೆಟ್ಟಿತು. ನಾನು ನೋಡಿದ್ದೇನೆ." ಅಕ್ಕನ ಕೆಲಸ ಉಳಿಯಿತು. ಆ ಚೀಟಿಯನ್ನು ಭಾವನಿಗೂ ಓದಲು ಕೊಟ್ಟಳು, ನನಗೆ ಕೊಡಲಿಲ್ಲ.

ಕಷ್ಟವೊಂದನ್ನು ಹೇಳಿಕೊಂಡರೆ ಬುದ್ಧಿವಾದ ಹೇಳುವವರು, ಇದ್ದಬದ್ದದ್ದನ್ನೆಲ್ಲ ಬದಲಿಸಿ ನೋಡುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಕಾಣದ ಕಷ್ಟವನ್ನು ಹೇಳಿದವರ ಮಾತಿನ ಮೇಲೆಯೇ ನಂಬಿ, ಅದು ಹೊರಬರುವವರೆಗೆ ಪಕ್ಕದ ಸೀಟಿನಲ್ಲಿ ಕುಳಿತಿರುವ ಮಂದಿ ಅಪರೂಪ. ಅವರು ಹೆಚ್ಚಾಗಿ ನಮ್ಮ ನಂಟರಾಗಿರುವುದಿಲ್ಲ. ಅಂದು ಹಿಂದಿನ ಸೀಟಿನಲ್ಲಿ ಕುಳಿತಿದ್ದ ನಾನು ಅವಳ ಒಡಹುಟ್ಟಿದವನು. ಕಾರು ಸ್ಟಾರ್ಟ್ ಆಗದೇ ಹೋದ ಮೇಲಷ್ಟೇ ನಾನು ಅವಳನ್ನು ನಂಬಿದ್ದು.