ತೊಳೆದರೂ ಹೋಗದ ಮಸಿ

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಚಾದರಗಳ ಮೂಲೆಗೆ ವಾರ್ಡಿನ ನಂಬರು ಬರೆಯುವುದು ಮಸಿಪುಟ್ಟಿಯ ಕೆಲಸ. ಬಲಗೈ ಬೆರಳುಗಳು ಸದಾ ಕಪ್ಪಗಿರುವವಳಿಗೆ ಬೇರೆ ಹೆಸರು ಯಾಕೆ? ಅವಳ ಮಸಿ ಸೋಡಾ ನೀರಿಗೂ ಹೋಗದು, ಕುದಿಯುವ ಹಂಡೆಗೂ ಬಗ್ಗದು.

ಜ್ವರದ ವಾರ್ಡು ತುಂಬಿ ಹೊರಚೆಲ್ಲಿದಾಗ ಶೆಡ್ಡಿನವರೆಲ್ಲ ಲಸಿಕೆ ಹಾಕಿಸಿಕೊಳ್ಳಲೇಬೇಕೆಂದು ಆಜ್ಞೆಯಾಯಿತು. ಹಾಕಿಸಿಕೊಂಡವರ ಎಡಗೈ ಕಿರುಬೆರಳಿನ ಉಗುರಿಗೆ ನರ್ಸಮ್ಮ ಕಪ್ಪು ಗುರುತು ಹಚ್ಚುತ್ತಿದ್ದರು. ಗುರುತಿಲ್ಲದವರು ಗೇಟು ದಾಟುವಂತಿಲ್ಲ.

ಆವತ್ತೇ ಅದೇ ಶೆಡ್ಡಿನಲ್ಲಿ ದುಡಿಯುವ ಅತ್ತಿಗೆ ಮಸಿಪುಟ್ಟಿಯನ್ನು ಮೂಟೆಗಳ ಹಿಂದೆ ಎಳೆದುಕೊಂಡು ಹೋಗಿ ಬೆರಳು ಚಾಚಿದಳು. “ನಂಗೂ ಒಂದು ಚುಕ್ಕೆ ಇಡೇ ಪುಟ್ಟಿ.”

“ಸೂಜಿ ಕಂಡ್ರೆ ಅಷ್ಟು ಭಯಾನಾ ಅತ್ತಿಗೆ?”

“ಸೂಜಿಗಲ್ಲ ಕಣೇ. ಹೆರಿಗೆಗೆ ಅಂತ ಹೋದವಳಿಗೆ ಹೇಳದೆ ಕೇಳದೆ ಇನ್ನು ಮಕ್ಕಳಾಗದ ಹಾಗೆ ಕುಯ್ದು ಕಳಿಸಿದ್ರಲ್ಲ. ಆ ಕೂಸೂ ಉಳೀಲಿಲ್ಲ. ಇನ್ನೊಂದ್ಸಲ ಈ ಮೈ ಮುಟ್ಟೋರು ನನ್ನ ಕೇಳಿ ಮುಟ್ಲಿ.”

ಮಸಿಪುಟ್ಟಿ ಕುಂಚ ಅದ್ದಿದಳು.

ನಾಲ್ಕನೆಯ ದಿನ ಜ್ವರದ ವಾರ್ಡಿನ ಮೂಟೆ ಬಿಚ್ಚಿದಾಗ ಒಂದು ಹಳದಿ ಟೋಪಿ ಉರುಳಿ ಬಿತ್ತು. ಇಸ್ತ್ರಿ ಹಾಕುವ ಇಸ್ತ್ರಿಯಮ್ಮ ತನ್ನ ಎರಡು ತಿಂಗಳ ಮೊಮ್ಮಗಳಿಗೆ ಹೊಲಿದದ್ದು. ಅದರ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಮಗು ಉಸಿರಿಗೆ ಒದ್ದಾಡುತ್ತಿದೆ ಎಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಮಸಿಪುಟ್ಟಿ ಟೋಪಿಯನ್ನು ಹಂಡೆಗೆ ಹಾಕಿದಳು.

ಮಧ್ಯಾಹ್ನ ಅತ್ತಿಗೆ ಮಡಿಸಿದ ಚಾದರ ಕೊಡುವಾಗ ಇಸ್ತ್ರಿಯಮ್ಮ ಅವಳ ಕೈಯನ್ನು ಗಪ್ಪನೆ ಹಿಡಿದಳು. “ಸೋಡಾದಲ್ಲಿ ನಮ್ಮೆಲ್ಲರ ಗುರುತೂ ಮೂರೇ ದಿನಕ್ಕೆ ಮಾಸಿ ಬೂದಿ ಬಣ್ಣ ಆಯ್ತು. ನಿನ್ನ ಉಗುರೊಂದು ಹೇಗೆ ಹೊಸ ಚಪ್ಪಲಿ ಥರ ಹೊಳೀತಿದೆ?”

ಅತ್ತಿಗೆ ಕೈ ಕೊಸರಿಕೊಂಡಳು. ಕೆನ್ನೆಗೆ ಏಟು ಬಿತ್ತು.

“ಆ ಕೂಸಿಗೆ ಚುಚ್ಚೋ ವಯಸ್ಸಾಗಿಲ್ಲ ಕಣೇ! ನಾವೇ ಅದಕ್ಕೆ ಬೇಲಿ! ಬೇಲಿ ಮುರಿದವಳು ನೀನು!”

“ನಂಗೆ ಜ್ವರಾನೇ ಬಂದಿಲ್ಲ, ನಾನು ಹೇಗೆ ತರ್ಲಿ?”

ಇಸ್ತ್ರಿಯಮ್ಮ ಕೂದಲು ಹಿಡಿದು ಅತ್ತಿಗೆಯ ತಲೆಯನ್ನು ತೊಟ್ಟಿಯ ಅಂಚಿಗೆ ಚಚ್ಚಿದಳು. ಅತ್ತಿಗೆ ಅವಳ ಹೆಬ್ಬೆರಳನ್ನು ಎಲುಬಿಗೆ ಹಲ್ಲು ತಾಗುವಂತೆ ಕಚ್ಚಿದಳು. ಕೈಗೆ ಸಿಕ್ಕಿದ ಬಟ್ಟೆ ಕದಡುವ ಕೋಲನ್ನು ಬೀಸಿದಳು, ಯಾರದೋ ಮೂಗು ಒಡೆಯಿತು. ಐದಾರು ಹೆಂಗಸರು ಮೇಲೆ ಬಿದ್ದು ಅವಳನ್ನು ಮಡಿಸುವ ಮೇಜಿಗೆ ಒತ್ತಿದರು. ಒದೆತಕ್ಕೆ ಒದೆತ. ಒಗೆದ ಚಾದರಗಳ ಮೇಲೆಲ್ಲ ಕೆಂಪು.

ಶೆಡ್ಡಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ನರ್ಸಮ್ಮನನ್ನು ಎಳೆದು ತಂದ.

“ಒಪ್ಪದೇ ಇದ್ರೆ ಮನೆಗೆ ಕಳಿಸ್ರಿ. ಹಿಡ್ಕೊಂಡು ಹಾಕು ಅಂತ ನಂಗ್ಯಾರೂ ಹೇಳಿಲ್ಲ,” ಎಂದರು ನರ್ಸಮ್ಮ.

“ಹಾಕ್ದೇ ಇದ್ರೆ ಇವರು ಇವಳನ್ನ ಕೊಂದೇ ಹಾಕ್ತಾರಮ್ಮ. ಬೇಗ!”

ನರ್ಸಮ್ಮ ಸೂಜಿ ತೆಗೆದರು. ಅತ್ತಿಗೆಯ ಎಡಗೈ ಮಾತ್ರ ಯಾರ ಹಿಡಿತಕ್ಕೂ ಸಿಗದೆ ಗಾಳಿಯಲ್ಲಿ ಬಡಿದಾಡುತ್ತಿತ್ತು.

“ಆ ಕೈ ಹಿಡೀರೇ ಯಾರಾದ್ರೂ!” ಎಂದು ಮೇಸ್ತ್ರಿ ಕೂಗಿದ.

ಮಸಿಪುಟ್ಟಿಗೆ ಹಳದಿ ಟೋಪಿ ಕಣ್ಣಿಗೆ ಕಟ್ಟಿತು. ಅವಳು ಮಸಿ ಇನ್ನೂ ಹಸಿಯಿದ್ದ ಕೈಯಲ್ಲೇ ಹೋಗಿ ಹಿಡಿದಳು.

ಅಷ್ಟು ಹೊತ್ತು ಗಾಯಗೊಂಡ ಪ್ರಾಣಿಯ ಹಾಗೆ ಒದರುತ್ತಿದ್ದ ಅತ್ತಿಗೆ ಮಣಿಕಟ್ಟಿನ ಮೇಲಿನ ಕಪ್ಪು ಬೆರಳುಗಳನ್ನು ಕಂಡಳು. ಒಮ್ಮೆಲೇ ಸುಮ್ಮನಾದಳು. ಸೂಜಿ ಇಳಿಯಿತು.

ಇಸ್ತ್ರಿಯಮ್ಮ ಕಚ್ಚಿಸಿಕೊಂಡ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜ್ವರದ ವಾರ್ಡಿನ ಕಡೆ ಓಡಿದಳು. ಉಳಿದವರು ತಲೆ ತಗ್ಗಿಸಿ ಚಾದರಗಳನ್ನು ಮತ್ತೆ ತೊಟ್ಟಿಗೆ ಹಾಕತೊಡಗಿದರು.

ಅತ್ತಿಗೆ ಎದ್ದು ಕೂತು ರಕ್ತ ಉಗುಳಿದಳು. “ಮಗು ಸ್ಥಿತಿ ಅಷ್ಟು ಹದಗೆಟ್ಟಿದೆ ಅಂತ ನನ್ನ ಹತ್ರ ಬಂದು ಹೇಳಿ, ಹಾಕಿಸ್ಕೊಳ್ತೀಯಾ ಅಂತ ನೀನಾದ್ರೂ ಒಂದ್ಸಲ ಕೇಳಬಹುದಿತ್ತಲ್ಲೇ.”

ಮಸಿಪುಟ್ಟಿ ಒದ್ದೆ ಬಟ್ಟೆ ತಂದು ಅವಳ ಮಣಿಕಟ್ಟನ್ನು ಉಜ್ಜಿದಳು. ನಾಲ್ಕು ಬೆರಳಿನ ಗುರುತು ಅಲ್ಲಾಡಲಿಲ್ಲ. ಇನ್ನೂ ಗಟ್ಟಿಯಾಗಿ ಉಜ್ಜಿದಳು.

ಅತ್ತಿಗೆ ಕೈ ಹಿಂದಕ್ಕೆ ಎಳೆದುಕೊಂಡಳು. “ಬಿಡು. ನಿನ್ನ ಮಸಿ ತಾನೇ.”