ಅಸ್ತರ್ ಹೂ

ದಸರಾ, ಬಕ್ರೀದ್ ಎರಡೂ ಒಂದೇ ವಾರದಲ್ಲಿ ಬಂದ ವರ್ಷವದು. ರಾಯಚೂರಿನ ಟೇಲರ್ ಬುರ್ಹಾನುದ್ದೀನನ ಮಷಿನ್ನಿಗೆ ಬಿಡುವಿರಲಿಲ್ಲ. ಅವನ ಹೆಂಡತಿ ಮುನವ್ವರ್ ಬೀಯ ಕಾಲಿಗೂ ಇರಲಿಲ್ಲ. ಮಷಿನ್ನಾದರೂ ದಾರ ಹರಿದಾಗ ನಿಲ್ಲುತ್ತಿತ್ತು. ಇವಳು ಒಲೆಯಿಂದ ಅಂಗಳಕ್ಕೆ, ಅಂಗಳದಿಂದ ಒಲೆಗೆ, ತುಟಿಯಲ್ಲೇ ದುರೂದ್ ಪ್ರಾರ್ಥನೆ ಓದುತ್ತ ತಿರುಗುತ್ತಿದ್ದಳು. ಅಂಗಳಕ್ಕೆ ಬಂದಾಗಲೆಲ್ಲ ಬಗ್ಗಿ ಹೂವಿನ ಪಾತಿ ನೋಡುವಳು. ಹಸಿರು. ಬರೀ ಹಸಿರು.

"ನೀ ನೋಡಿ ನೋಡಿ ಅದಕ್ಕ ನಾಚಿಕಿ ಬಂದದ," ಎಂದ ಬುರ್ಹಾನುದ್ದೀನ್, ಸೂಜಿಗೆ ದಾರ ಪೋಣಿಸುತ್ತ.

"ನಗಬ್ಯಾಡ್ರಿ. ದರ್ಗಾದ ಉರುಸು ಬಂದೇ ಬಿಡ್ತು."

ಆ ಗಿಡವನ್ನು ಬೇರು ಸಮೇತ ತಂದುಕೊಟ್ಟವನು ಯಂಕೋಬ. ಸ್ಟೇಷನ್ ಕಡೆಯ ಒಂದು ಬಂಗಲೆಯಲ್ಲಿ ಮಾಲಿ. ಅವನ ಹೆಂಡತಿ ಗೋಪಮ್ಮ ಸೊಪ್ಪು ಮಾರುವವಳು, ಮುನವ್ವರ್ ಬೀಯ ಪಕ್ಕದ ಮನೆಯವಳು. ಅವನು "ಆಸ್ಟರ್" ಎಂದಿದ್ದ. ಟೇಲರನ ಹೆಂಡತಿಯ ಕಿವಿಗೆ ಅದು ಅಸ್ತರ್ ಎಂದು ಬಿತ್ತು. ಕೋಟಿನ ಒಳಮೈಗೆ ಹಚ್ಚುವ ತೆಳು ಬಟ್ಟೆ, ಅಸ್ತರ್. ತಪ್ಪಾಗಿ ಕೇಳಿದ ಹೆಸರೇ ಓಣಿಯಲ್ಲೆಲ್ಲ ನಿಂತಿತು, ಯಾಕೆಂದರೆ ಗಿಡದ ಗುಣವೇ ಹಾಗಿತ್ತು. ನಾಲ್ಕು ಬೆರಳಿಗಿಂತ ಎತ್ತರ ಏಳುತ್ತಿರಲಿಲ್ಲ. ಕಡ್ಡಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಹಬ್ಬುತ್ತಿತ್ತು. ಅದು ಹಬ್ಬಿದ ಮೇಲೆ ಮಳೆಗಾಲದಲ್ಲಿ ಅಂಗಳದ ಕೆಸರು ಸಿಡಿಯುವುದು ನಿಂತಿತ್ತು. ಎಲ್ಲ ಹೂಗಳೂ ಮುಗಿಯುವ ಹೊತ್ತಿಗೆ, ದೀಪಾವಳಿಯ ಸುಮಾರಿಗೆ, ಪಾತಿ ತುಂಬ ತೆಳು ನೇರಳೆ ಬಣ್ಣದ ಸಣ್ಣ ಹೂ ಹಾಸಿಕೊಳ್ಳುತ್ತಿದ್ದವು.

ಮೂರು ವರ್ಷದ ಹಿಂದೆ ಹಾಗೆ ಹಾಸಿಕೊಂಡಿದ್ದಾಗಲೇ ಮಗಳು ಅಸ್ಮತ್ ಟೈಫಾಯ್ಡ್ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದು. ಮುನವ್ವರ್ ಬೀ ಪಾತಿಯ ಮುಂದೆ ನಿಂತು ದೇವದುರ್ಗದ ದರ್ಗಾದ ಬಾಬಾಗೆ ಹರಕೆ ಹೊತ್ತಳು: ಹುಡುಗಿ ಉಳಿಯಲಿ, ಅವಳ ಮಡಿಲಲ್ಲಿ ಕೂಸು ಆಡುವ ತನಕ ಪ್ರತಿ ಉರುಸಿಗೆ ನಿನ್ನ ಗೋರಿಗೆ ಹೂವಿನ ಚಾದರ ಹೊದಿಸುತ್ತೇನೆ. ಕೊಂಡ ಹೂ ಅಲ್ಲ, ನಾನೇ ಬೆಳೆದದ್ದು.

ಹುಡುಗಿ ಉಳಿದಳು. ಆ ವರ್ಷ ಉರುಸು ದೀಪಾವಳಿ ಆದ ಮೇಲಿತ್ತು. ಗೋರಿ ತುಂಬ ಹೂ ಬಿದ್ದಿತು. ಮರುವರ್ಷ ಉರುಸು ಹತ್ತು ಹನ್ನೊಂದು ದಿನ ಮೊದಲೇ ಬಂತು, ಆಗಲೂ ಸಾಲಿತು. ಅದರ ಮುಂದಿನ ವರ್ಷ ಮತ್ತೆ ಅಷ್ಟು ಮೊದಲು ಬಂತು, ಅರ್ಧಕ್ಕರ್ಧ ಮೊಗ್ಗು. ಅದೇ ಚಳಿಗಾಲದಲ್ಲಿ, ಮಾನ್ವಿಗೆ ಮದುವೆ ಮಾಡಿಕೊಟ್ಟಿದ್ದ ಅಸ್ಮತಳ ಮೊದಲ ಬಸಿರು ಇಳಿದುಹೋಯಿತು. ಉಳಿದವರು ಅಲ್ಲಾಹನ ಮರ್ಜಿ ಎಂದರು. ಮುನವ್ವರ್ ಬೀ ಮಾತ್ರ ಒಳಗೊಳಗೇ ಎರಡಕ್ಕೂ ಗಂಟು ಹಾಕಿಕೊಂಡಳು. ಈಗ ಅಸ್ಮತ್ ಮತ್ತೆ ಬಸಿರಿ. ಏಳು ತಿಂಗಳು.

"ತಪ್ಪು ಹೂವಿಂದಲ್ಲ ಬೀಬಿ, ನಿಮ್ಮ ಚಂದ್ರಂದು," ಎಂದಳು ಗೋಪಮ್ಮ. "ನಮ್ಮೋರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಹಾಕಿ ಚಂದ್ರನ್ನ ಹಗ್ಗ ಹಚ್ಚಿ ಕಟ್ತಾರ. ನಿಮ್ಮೋರು ಬಿಟ್ಟುಬಿಟ್ಟಾರ. ಹೊಂಟಾನ ನೋಡು ಓಡಿಕೋತ!"

"ನಮ್ಮ ಚಂದ್ರಗ ಹೆಸರಿಡಬ್ಯಾಡ."

"ಹೆಸರಿಡಾಕ ನಾ ಯಾರು? ಈ ಹೂವು ರಾತ್ರಿ ಉದ್ದ ಆದ್ರೇನೇ ಕಣ್ಣು ಬಿಡಾದು. ನಮ್ಮ ಮನಿಯಾಂವ ಹೇಳ್ತಾನ."

ಮುನವ್ವರ್ ಬೀ ಬೂದಿ ಹಾಕಿದಳು. ನೀರು ಬಿಗಿ ಹಿಡಿದಳು. ಹೆದರಿ ಮತ್ತೆ ನೀರು ಬಿಟ್ಟಳು. ಕುರಾನಿನ ಯಾಸೀನ್ ಓದಿ ಎಲೆಗಳ ಮೇಲೆ ಊದಿದಳು. ಎಲೆ ಅಲುಗಿತು, ಅಷ್ಟೇ.

ಮಳೆ ಹಿಡಿದಾಗಿನಿಂದ ಗೋಪಮ್ಮನದೊಂದು ಕಾಟ ಬೇರೆ. ಬಜಾರದಿಂದ ಹೊತ್ತಿರುವಾಗಲೇ ಬಂದು, ಸಗಣಿ ಬಳಿದ ಖಾಲಿ ಬುಟ್ಟಿಯನ್ನು ಪಾತಿಯ ಮೂಲೆಯಲ್ಲಿ, ತಗಡಿನ ಸೂರಿನ ಕೆಳಗೆ, ಬೋರಲು ಹಾಕುವಳು. ಚಾ ಕುಡಿದು ಎದ್ದು ಹೋಗುವಳು. ಬುಟ್ಟಿ ಬೆಳಗಿನ ತನಕ ಅಲ್ಲೇ.

"ನನ್ನ ಹೂವಿನ ಮ್ಯಾಲೇ ಯಾಕ ಹಾಕ್ತೀಯಬೇ? ಇಷ್ಟು ದೊಡ್ಡ ಊರಾಗ ಬ್ಯಾರೆ ಜಾಗಾ ಇಲ್ಲೇನು?"

"ನನ್ನ ಮನಿ ಮುಂದ ಬರೀ ಎರಿ ಕೆಸರು. ಸಗಣಿ ನೆಂದು ಕಿತ್ತು ಬರತದ. ನಿನ್ನ ಅಸ್ತರ್ ಮ್ಯಾಲಾದ್ರ ಗಾದಿ ಮ್ಯಾಲೆ ಮಲಗಿಸಿದಂಗ."

"ಗಿಡ ಸತ್ರ?"

"ಇದು ಸಾಯೋ ಗಿಡ ಅಲ್ಲ. ನಮ್ಮ ಹೆಣ್ಮಕ್ಕಳ ಜಾತಿದು. ತುಳಿದಷ್ಟು ಹಬ್ಬತದ."

ಉರುಸಿಗೆ ಮೂರು ದಿನ ಇದ್ದಾಗ ಗೋಪಮ್ಮ ಯರಗೇರಾಕ್ಕೆ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದಳು. ಬುಟ್ಟಿ ಮೂಲೆಯಲ್ಲೇ ಉಳಿಯಿತು. ಎರಡನೆಯ ದಿನ ಮುನವ್ವರ್ ಬೀಗೆ ತಡೆಯಲಾಗಲಿಲ್ಲ. ಬಾರದ ಹೂವಿನ ಮೇಲಿದ್ದ ಸಿಟ್ಟೆಲ್ಲ ಬುಟ್ಟಿಯ ಮೇಲೆ ತಿರುಗಿತು. ಹೋಗಿ ಎತ್ತಿ ಒಗೆದಳು.

ಬುಟ್ಟಿ ಇದ್ದಷ್ಟು ಜಾಗ ದುಂಡಗೆ ನೇರಳೆಯಾಗಿತ್ತು.

ಸುತ್ತ ಹಸಿರು, ನಡುವೆ, ಗೆರೆ ಕೊರೆದ ಹಾಗೆ, ಬುಟ್ಟಿಯ ಬಾಯಿಯಷ್ಟೇ ಅಗಲದ ಹೂ. ದಿನಾ ಬುಟ್ಟಿ ಬೀಳುವ ಆ ಮೂಲೆಯನ್ನು ಅವಳು ಸಿಟ್ಟಿಗೆ ನೋಡುವುದನ್ನೇ ಬಿಟ್ಟಿದ್ದಳು. ಅಲ್ಲೇ ಕೂತಳು.

ಮರುದಿನ ಗೋಪಮ್ಮ ಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟಳು. "ನಾಲ್ಕು ಗಂಟೆಗೇ ಇದಕ್ಕ ಕತ್ತಲಿ ಮಾಡೀನಲ್ಲ! ದೀಪಾವಳಿ ರಾತ್ರಿ ಬಂತು ಅಂತ ತಿಳ್ಕೊಂಡದ ಹುಚ್ಚು ಹೂವು."

"ಎಲ್ಲಾದರ ಮ್ಯಾಲೂ ಬುಟ್ಟಿ ಹಾಕಿದ್ರ ಎಲ್ಲಾ ಬರ್ತಿತ್ತಲ್ಲಬೇ! ಈಗ ಹೇಳ್ತೀಯಲ್ಲ!"

"ನೀನೇ ದಿನಾ ಬೈದ್ಯಲ್ಲ, ತಗೀ ತಗೀ ಅಂತ?"

ಉರುಸಿನ ಬೆಳಿಗ್ಗೆ ಅದೇ ಬುಟ್ಟಿಯಲ್ಲಿ ಅದೇ ಹೂ ತುಂಬಿಕೊಂಡು ಇಬ್ಬರೂ ದೇವದುರ್ಗದ ಬಸ್ಸು ಹತ್ತಿದರು. ಬುಟ್ಟಿ ತುಂಬಿರಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಹೂ ತಳಕ್ಕೆ ಇಳಿದು ಇನ್ನಷ್ಟು ಕಡಿಮೆ ಕಾಣುತ್ತಿದ್ದವು. ಮುನವ್ವರ್ ಬೀ ಸೆರಗು ಸರಿಸಿ ನೋಡುವಳು, ಮುಚ್ಚುವಳು, ಮತ್ತೆ ಸರಿಸುವಳು.

ದರ್ಗಾದಲ್ಲಿ ಹೆಂಗಸರು ಹೊಸ್ತಿಲ ಹೊರಗೇ ನಿಲ್ಲಬೇಕು. ಗೋರಿಯ ಸೇವೆ ಮಾಡುವ ಮುಜಾವರ ಅಲ್ಲಾಬಕ್ಷ್ ಬುಟ್ಟಿ ಇಸಕೊಂಡ.

"ತಲಿಯಿಂದ ಕಾಲಿನ ತನಕ ಅಂದಿದ್ದೆ ಸಾಬ್. ಇಷ್ಟೇ ಆತು."

"ತಂದೀಯಲ್ಲವ್ವಾ, ತಾ."

ಅವಳದೇ ಮೊದಲು. ಬರಿಯ ಗೋರಿಯ ನಡುವೆ ಒಂದು ನೇರಳೆ ದುಂಡು. ಆಮೇಲೆ ಅದರ ಮೇಲೆ ಹಸಿರು ಬಟ್ಟೆಯ ಗಲೀಫ್ ಬಂತು. ಅದರ ಮೇಲೆ ಚೆಂಡು ಹೂವಿನ ಚಾದರ, ಮಲ್ಲಿಗೆಯ ಚಾದರ, ಯಾರದೋ ಜರಿಯದು. ಹೊಸ್ತಿಲಲ್ಲಿ ನಿಂತವಳಿಗೆ ತನ್ನದೊಂದು ಎಸಳೂ ಕಾಣದಾಯಿತು.

ಅಲ್ಲಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಅವಳು ಗೋಪಮ್ಮನ ಪಕ್ಕ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಸ್ಮತಳ ಮನೆ ಬರುವ ಹೊತ್ತಿಗೆ ಹಗಲು ಇಳಿದಿತ್ತು. ಮಗಳು ಗೋಡೆ ಹಿಡಿದು ಎದ್ದು ಬಂದು ಕೇಳಿದ್ದೂ ಅದನ್ನೇ: "ಚಾದರ್ ಹೊದ್ಸಿದ್ಯಾ ಅಮ್ಮಾ?"

ಸುಳ್ಳು ಬಾಯಿಯ ತನಕ ಬಂತು. ನಿಂತಿತು. "ಒಂದು ಬುಟ್ಟಿನೂ ಪೂರಾ ಆಗ್ಲಿಲ್ಲ. ಎಲ್ಲಾರಕಿಂತ ಮೊದಲು ಹಾಕಿದ್ರು. ಮ್ಯಾಲೆ ಎಲ್ಲಾರದೂ ಬಿತ್ತು. ಮುಚ್ಚೇ ಹೋತವ್ವಾ."

ಅಸ್ಮತ್ ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು.

"ಟೇಲರ್ ಹೆಂಡ್ತಿ ಆಗಿ ಇಷ್ಟು ತಿಳಿಯಂಗಿಲ್ಲೇನು? ಅಸ್ತರ್ ಎಲ್ಲಿ ಇರ್ತದ? ಮೈಗೆ ಹತ್ತಿ ಇರಾದು ಅದೊಂದೇ. ಮ್ಯಾಲಿನ ಅರಿವಿ ಮಂದಿ ನೋಡಾಕ."

ಮುನವ್ವರ್ ಬೀಯ ಕೈ ತಾನಾಗಿ ಮಗಳ ಹೊಟ್ಟೆಯ ಮೇಲೆ ಹೋಯಿತು.

"ಇದೂ ನನ್ನ ಬುಟ್ಟಿಯಂಗೇ ಬೋರಲು ಅದ ನೋಡು," ಎಂದಳು ಗೋಪಮ್ಮ. "ಕತ್ತಲಾಗ ಅರಳಾಕತ್ತದ. ಎತ್ತಿ ನೋಡಾಕ ಹೋಗಬ್ಯಾಡ, ಸುಮ್ನ ಇರು."

ಮೂವರೂ ನಕ್ಕರು. ಚಾ ಬಂತು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಮುನವ್ವರ್ ಬೀಯ ಕಣ್ಣು ಬಾಗಿಲ ಹೊರಗಿನ ಇಳಿಬಿಸಿಲಿಗೆ ಹೋಯಿತು.

"ಗೋಪಮ್ಮಾ, ಮುಂದಿನ ವರ್ಷ ಉರುಸು ಇನ್ನೂ ಮೊದಲು ಬರ್ತದ. ಇಡೀ ಪಾತಿಗೆ ಬುಟ್ಟಿ ಎಷ್ಟು ಬೇಕಾಗ್ತಾವ?"

"ಊರ ಬುಟ್ಟಿಯೆಲ್ಲ ನಿನ್ನ ಅಂಗಳದಾಗ ಬೋರಲು ಹಾಕಿದ್ರ ನಾವು ಸೊಪ್ಪು ಸೆರಗಿನಾಗ ಮಾರಬೇಕೇನು? ಅಷ್ಟರಾಗ ಕೂಸು ಬಂದಿರ್ತದ, ಹರಕಿ ಮುಗಿದಿರ್ತದ."

"ಬರ್ಲಿ ಮೊದಲ," ಎಂದು ಮುನವ್ವರ್ ಬೀ ಎದ್ದು ಬುಟ್ಟಿ ಎತ್ತಿಕೊಂಡಳು. "ರಾಯಚೂರಿಗೆ ಕಡೀ ಬಸ್ಸು ಎಷ್ಟಕ್ಕ ಅದ?"